ಕಿಟಕಿಯೊಂದು ಬಿಟ್ಟು ಎಲ್ಲ ಮಾಡಿದೆವು

ಕಳೆದ ತಿಂಗಳು ನಮ್ಮ ಮನೆಗೊಬ್ಬ ಎಕ್ಸ್‌ಪರ್ಟ್ ಬಂದಿದ್ದ. ಇನ್‌ಶರ್ಟ್ ಮಾಡಿ, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡಿದ್ದ. ಮಗಳ ರೂಮಿಗೆ ಹೋದವನೇ ಬ್ಯಾಗಿನಿಂದ ಪುಟ್ಟ ಮೆಷಿನ್ ತೆಗೆದು ಗೋಡೆಗೆ ಒತ್ತಿದ. ಅದು ಕುಂಯ್ ಎಂದಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಕುಂಯ್.

"ಸರ್, ನಿಮ್ಮ ಗೋಡೆ ಉಸಿರಾಡ್ತಾ ಇಲ್ಲ" ಎಂದ.

ನಮ್ಮ ಯಜಮಾನರು ಗಂಭೀರವಾಗಿ ತಲೆಯಾಡಿಸಿದರು. ಪಕ್ಕದ ಮಂಚದ ಮೇಲೆ ನಾಲ್ಕನೇ ಕ್ಲಾಸಿನ ನಮ್ಮ ಇಂಚರ ಗೊರಗೊರ ಎನ್ನುತ್ತ ಹೋಮ್‌ವರ್ಕ್ ಬರೆಯುತ್ತಿದ್ದಳು. ಸರಿಯಾಗಿ ಉಸಿರಾಡಲು ಆಗದೆ ಒದ್ದಾಡುತ್ತಿದ್ದವಳು ಅವಳು. ಅದನ್ನು ತಿಳಿಯಲು ಮೆಷಿನ್ ಬೇಕಿರಲಿಲ್ಲ, ಕಿವಿ ಇದ್ದರೆ ಸಾಕಿತ್ತು. ಆದರೆ ಎಕ್ಸ್‌ಪರ್ಟ್ ಬಂದಿದ್ದು ಗೋಡೆಗೆ ಪ್ಯಾನಲ್ ಮಾರಲು, ಮಗುವನ್ನು ನೋಡಲು ಅಲ್ಲವಲ್ಲ? "ಪ್ಯಾನಲ್ ಹೊಡೆಸಿಬಿಡಿ ಸರ್, ಬೂಷ್ಟು ಕಾಣೋದೇ ಇಲ್ಲ" ಎಂದ.

ಕಾಣದಿದ್ದರೆ ಇಲ್ಲ! ಎಷ್ಟು ಸುಲಭ ನೋಡಿ. ರೇಟು ಕೇಳಿ ಸದ್ಯಕ್ಕೆ ಬೇಡ ಎಂದೆವು.

ಕಗ್ಗದಾಸಪುರದಲ್ಲಿ ನಮ್ಮದು ಮೊದಲ ಮಹಡಿಯ ಸ್ವಂತ ಮನೆ (ಸಾಲ ತೀರುವವರೆಗೆ ಬ್ಯಾಂಕಿನದು). ಮಳೆಗಾಲ ಶುರುವಾದರೆ ಬೂಷ್ಟಿನದು. ಮೊದಲು ಕಪಾಟಿನ ಹಿಂದೆ ಕಪ್ಪು ಚುಕ್ಕಿ ಬಂತು. ಆಮೇಲೆ ಸೀಲಿಂಗಿನ ಮೂಲೆಗೆ ಹತ್ತಿತು. ನನ್ನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ, ಯಜಮಾನರ ಬೆಲ್ಟಿನ ಮೇಲೆ ಹಸಿರು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆ, ಎರಡು ಮಳೆಗೆ ವಾಪಸ್ ಬಂತು. ಕಪಾಟಿಗೆ ತೇವ ಹೀರುವ ಡಬ್ಬಿ ಇಟ್ಟೆವು, ಅದು ತುಂಬಿ ಸೀರೆಯ ಮೇಲೇ ಚೆಲ್ಲಿತು. ಕೆ.ಆರ್. ಪುರದ ನಾದಿನಿ "ಕರ್ಪೂರ ಇಡಿ ಅತ್ತಿಗೆ" ಎಂದಳು. ಫ್ಯಾಮಿಲಿ ಗ್ರೂಪಿನಲ್ಲಿ ಇದ್ದಿಲು, ವಿನೆಗರ್, ಬೇವಿನ ಸೊಪ್ಪು ಎಲ್ಲ ಬಂದವು. ಈ ಊರಿನಲ್ಲಿ ಕಸ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲದವರಿಗೂ ಬೂಷ್ಟಿಗೆ ಮದ್ದು ಗೊತ್ತು.

ಎಕ್ಸ್‌ಪರ್ಟ್ ಬಂದುಹೋದ ವಾರಕ್ಕೇ ಇಂಚರಳ ಉಬ್ಬಸ ಜಾಸ್ತಿಯಾಗಿ ಇಂದಿರಾನಗರದ ಮಕ್ಕಳ ಡಾಕ್ಟರ ಹತ್ತಿರ ಓಡಿದೆ. ಅವರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಮನೇಲಿ ಬೂಷ್ಟು ಇದೆಯಾ?"

"ಇದೆ ಡಾಕ್ಟ್ರೇ."

"ಮಗು ಮಲಗೋ ರೂಮಲ್ಲಿ ಕಿಟಕಿ?"

"ಅದೂ ಇದೆ."

"ತೆಗೀತೀರಾ?"

ನಾನು ಇಂಚರಳ ಸ್ವೆಟರಿನ ಗುಂಡಿ ಹಾಕತೊಡಗಿದೆ.

"ನೋಡಿ ಅಮ್ಮ, ಗೋಡೆ ಒಣಗದೆ ಇವಳ ಇನ್‌ಹೇಲರ್ ನಿಲ್ಸೋಕೆ ಆಗಲ್ಲ. ಒದ್ದೆ ಬಟ್ಟೆ ಒಣಗಿಸ್ತಿದ್ರೆ ಆಚೆ ಹಾಕಿ, ಕಿಟಕಿ ತೆಗೀರಿ. ಕಿಟಕಿ ಇರೋದು ಕರ್ಟನ್ ನೇತುಹಾಕೋಕಲ್ಲ" ಎಂದರು.

ಯಾಕೆ ತೆಗೆಯುತ್ತಿರಲಿಲ್ಲ ಎಂದು ಕೇಳುತ್ತೀರಾ? ಹೇಳುತ್ತೇನೆ. ಇಂಚರಳ ರೂಮಿನ ಕಿಟಕಿಗೆ ಎದುರಾಗಿ ಪಕ್ಕದ ಬಿಲ್ಡಿಂಗಿನ ಕಿಟಕಿ ಇದೆ. ನಡುವೆ ಬೆಕ್ಕು ಕೂಡ ಯೋಚಿಸಿ ನುಗ್ಗಬೇಕಾದಷ್ಟು ಜಾಗ (ಪ್ಲಾನಿನಲ್ಲಿ ಅದಕ್ಕೆ ಗಾಳಿ-ಬೆಳಕಿನ ಜಾಗ ಎಂದು ಹೆಸರು!). ಆ ಮನೆಯಲ್ಲಿ ಭಾನುವಾರ ಮೀನು ಹುರಿಯುತ್ತಾರೆ. ನಮ್ಮದು ಈರುಳ್ಳಿಯನ್ನೂ ತಿಥಿ ನೋಡಿ ಹೆಚ್ಚುವ ಮನೆ. ಅವರು ಬಾಡಿಗೆಗೆ ಬಂದ ಮೊದಲ ತಿಂಗಳೇ ಯಜಮಾನರು ಕಿಟಕಿ ಮುಚ್ಚಿ, ಸುತ್ತ ಅಗಲವಾದ ಟೇಪ್ ಬಡಿದಿದ್ದರು. ಅದೇ ರೂಮಿಗೆ ಬಾತ್‌ರೂಮು, ಅದೇ ರೂಮಿನಲ್ಲಿ ಮಳೆಗಾಲದ ಒದ್ದೆ ಬಟ್ಟೆಯ ಸ್ಟ್ಯಾಂಡು. ಬೂಷ್ಟಿಗೆ ಇದಕ್ಕಿಂತ ರಾಜೋಪಚಾರ ಇನ್ನೇನು ಬೇಕು?

ಡಾಕ್ಟರು ಹೇಳಿದ್ದನ್ನು ಯಜಮಾನರಿಗೆ ಹೇಳಿದೆ.

"ಕಿಟಕಿ ತೆಗೆದ್ರೆ ವಾಸನೆ ಬರುತ್ತಲ್ಲೇ!"

"ಈಗ ಬರ್ತಿರೋದೇನು ರೀ, ಮಲ್ಲಿಗೆ ಘಮವಾ?"

"ಬೂಷ್ಟಿನ ವಾಸನೆ ಅಭ್ಯಾಸ ಆಗೋಗುತ್ತೆ. ಅದು ಹಂಗಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಮಗಳ ಉಬ್ಬಸವೂ ಇವರಿಗೆ ಅಭ್ಯಾಸ ಆಗಿಹೋಗಿದೆಯಾ? ಅವರು ಆಫೀಸಿಗೆ ಹೊರಟ ಮೇಲೆ ಬಟ್ಟೆ ಸ್ಟ್ಯಾಂಡನ್ನು ಟೆರೇಸಿನ ಶೀಟಿನ ಕೆಳಗೆ ಸಾಗಿಸಿದೆ. ಅಡುಗೆಮನೆಯ ಚಾಕು ತಂದು ಟೇಪ್ ಸೀಳಿದೆ. ಕಿಟಕಿಯ ಬಾಗಿಲು ಬಿಗಿದುಕೊಂಡಿತ್ತು. ಭುಜ ಕೊಟ್ಟು ನೂಕಿದ್ದಕ್ಕೆ ಧಡ್ ಎಂದು ತೆರೆಯಿತು. ಸದ್ದಿಗೆ ಎದುರಿನ ಕಿಟಕಿಯೂ ತೆರೆದು ಒಬ್ಬಳು ಇಣುಕಿದಳು. ಸೆಲ್ವಿ, ಹಲಸೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ. ಇದೆಲ್ಲ ಆಮೇಲೆ ತಿಳಿದದ್ದು; ಅಲ್ಲಿಯವರೆಗೆ ಗೇಟಿನ ಹತ್ತಿರ ನಕ್ಕಿದ್ದು ಬಿಟ್ಟರೆ ನಾವು ಮಾತಾಡಿದ್ದೇ ಇರಲಿಲ್ಲ.

"ಏನಕ್ಕಾ, ಕಿಟಕಿ ತೆಗ್ದುಬಿಟ್ರಿ?" ಅವಳಿಗೆ ನಿಜವಾಗಿ ಆಶ್ಚರ್ಯ.

ಮಗಳ ಉಬ್ಬಸ, ಬೂಷ್ಟು ಎಲ್ಲ ಹೇಳಿದೆ. ಅವಳು ಪಕ್ಕಕ್ಕೆ ಸರಿದು ತನ್ನ ರೂಮಿನ ಗೋಡೆ ತೋರಿಸಿದಳು. ನಮ್ಮದಕ್ಕಿಂತ ಕಪ್ಪು.

"ನಮ್ದೂ ಇದೇ ಕಥೆ. ಅಮ್ಮಂಗೆ ರಾತ್ರಿಯೆಲ್ಲಾ ಕೆಮ್ಮು. ಓನರ್‌ಗೆ ಹೇಳಿದ್ರೆ, ನೀವು ಜಾಸ್ತಿ ಜನ ಇದೀರಾ, ಅದಕ್ಕೇ ಅಂತಾರೆ. ಮೂರು ಜನ ಅಕ್ಕಾ ನಾವು!"

"ಮತ್ತೆ ನೀವ್ಯಾಕಮ್ಮ ಕಿಟಕಿ ಮುಚ್ಚಿದ್ರಿ?"

ಅವಳು ಕಿಟಕಿಯ ಹತ್ತಿರಕ್ಕೆ ಬಂದು ದನಿ ತಗ್ಗಿಸಿದಳು.

"ಬೇಜಾರ್ ಮಾಡ್ಕೋಬೇಡಿ. ನಾವು ಊಟಕ್ಕೆ ಕೂತಾಗ ನಿಮ್ಮೋರು ಮೂಗಿಗೆ ಟವೆಲ್ ಹಿಡ್ಕೊಂಡು ನಿಮ್ಮ ಕಿಟಕೀಲಿ ನಿಂತು ನಮ್ಮನ್ನೇ ನೋಡ್ತಿದ್ರು. ಹಂಗ್ ನೋಡಿದ್ರೆ ಗಂಟಲಲ್ಲಿ ಅನ್ನ ಇಳಿಯುತ್ತಾ ಅಕ್ಕಾ? ಅಮ್ಮ ಅವತ್ತು ಅರ್ಧಕ್ಕೇ ಎದ್ದುಬಿಟ್ರು. ಅವತ್ತೇ ಮುಚ್ಚಿಬಿಟ್ವಿ."

ನನಗೆ ಆ ಕಿಟಕಿಯಿಂದಲೇ ಕೆಳಗೆ ಇಳಿದುಹೋಗೋಣ ಅನ್ನಿಸಿತು. ವಾಸನೆ ತಡೆಯಲಾರದವರು ರೂಮು ಬಿಟ್ಟು ಹೋಗುತ್ತಾರೆ. ಮೂಗು ಮುಚ್ಚಿಕೊಂಡು ನಿಂತು ಇನ್ನೊಬ್ಬರ ತಟ್ಟೆ ನೋಡುವುದು ಯಾವ ಮಡಿ? "ತಪ್ಪಾಯ್ತಮ್ಮಾ" ಎಂದೆ. ಅವಳು "ಅಯ್ಯೋ ಬಿಡಿ ಅಕ್ಕಾ" ಎಂದಳು. ಕಿಟಕಿ ಮುಚ್ಚಲಿಲ್ಲ.

ಸಂಜೆ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. ವಿವರ ಬೇಡ. ಮತ್ತೆ ಟೇಪ್ ಹಚ್ಚಿದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದೆ. ಟೇಪ್ ಬರಲಿಲ್ಲ. ಬೂಷ್ಟನ್ನು ಮತ್ತೊಮ್ಮೆ ಉಜ್ಜಿ ತೆಗೆದೆ. ಗೋಡೆ ಇನ್ನೂ ಪೂರ್ತಿ ಒಣಗಿಲ್ಲ, ಆದರೆ ಈ ಸಲ ಚುಕ್ಕಿ ವಾಪಸ್ ಬಂದಿಲ್ಲ. ಇಂಚರ ರಾತ್ರಿ ಎದ್ದು ಕೂರುವುದು ನಿಂತಿದೆ.

ಮೊನ್ನೆ ಭಾನುವಾರ ಸೆಲ್ವಿಯ ಮನೆಯಲ್ಲಿ ಬಾಣಲೆ ಚುಂಯ್ ಎಂದಿತು. ಯಜಮಾನರು ಪೇಪರ್ ಮಡಿಸಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಇಂಚರ ರೂಮಿನಿಂದ ಓಡಿಬಂದಳು. ಎಷ್ಟೋ ದಿನದ ಮೇಲೆ ಕಟ್ಟಿಲ್ಲದ ಮೂಗು ಅವಳದು.

"ಅಮ್ಮಾ, ಎದುರುಗಡೆ ಮನೇಲಿ ಏನೋ ಘಮ್ ಅಂತಿದೆ! ಏನಮ್ಮಾ ಅದು?"

ಯಜಮಾನರು ಎದ್ದು ಹೋಗಿ ಹಾಲ್‌ನ ಕಿಟಕಿ ಮುಚ್ಚಿದರು. ರೂಮಿನದನ್ನು ಮುಟ್ಟಲಿಲ್ಲ.

ಗಾಳಿಯ ಜಾತಿ ಕೇಳಿ ಒಳಗೆ ಬಿಡುವ ನಾವು, ಬೂಷ್ಟಿನ ಜಾತಿಯನ್ನು ಯಾಕೆ ಕೇಳಲಿಲ್ಲ?