ಕೆಟ್ಟ ಭರಣಿಯ ಮುಚ್ಚಳ ತೆಗೆದ ದಿನ

ಹಣ ಹಾಕುವವರ ಎದುರು ಹೇಗೆ ಮಾತಾಡಬೇಕೆಂದು ಕಲಿಸಲು ಬಂದಿದ್ದ ತರಬೇತಿ ಮೇಡಂ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: "ಐದೇ ನಿಮಿಷ. ನಗುನಗುತ್ತಾ ಮಾತಾಡಿ. ನಿಮ್ಮ ಮಾಲಿನ ದೋಷದ ಬಗ್ಗೆ ಮಾತ್ರ ಬಾಯಿ ಬಿಡಬೇಡಿ." ನನ್ನ ಮಾಲು ಅಂದರೆ ಅಪ್ಪೆಮಿಡಿ, ಎಳೆ ಮಾವಿನ ಉಪ್ಪಿನಕಾಯಿ. ಸಿದ್ದಾಪುರದ ಹತ್ತಿರದ ನಮ್ಮ ಮನೆಯಲ್ಲಿ ಇನ್ನೊಂದು ಭರಣಿ ಇಡಲೂ ಜಾಗವಿರಲಿಲ್ಲ. ಮಿಡಿಯ ಕಾಲ ಬರುವುದರೊಳಗೆ ಶೆಡ್ ಏಳದಿದ್ದರೆ ಬಂದ ಆರ್ಡರನ್ನೆಲ್ಲ ಬೇಡ ಅನ್ನಬೇಕಿತ್ತು. ಆ ಒಂದು ಶೆಡ್ಡಿಗಾಗಿ ಈ ಎಲ್ಲ ವೇಷ.

ಅಡುಗೆಮನೆಯಲ್ಲಿ ಅತ್ತೆಯ ಎದುರು ದಿನಾ ಅಭ್ಯಾಸ. ಮಾರುಕಟ್ಟೆ, ಬೆಳವಣಿಗೆ ಅಂತ ನಾನು ಉರು ಹೊಡೆಯುತ್ತಿದ್ದರೆ ಅವರು ಕಾಯಿ ತುರಿಯುತ್ತಾ, "ಎಂತ ಮಾರ್ತೆ ಹೇಳಿ ಹೇಳಲೇ ಇಲ್ಲೆ ನೀನು," ಅಂದರು. ಮಾತು ನಿಜವೇ, ನನ್ನ ಭಾಷಣದಲ್ಲಿ ಉಪ್ಪಿನಕಾಯಿಯ ಹೆಸರೇ ಇರಲಿಲ್ಲ. ಆದರೆ ಸಿಟ್ಟು ಬಂತು.

ಆ ವಾರವೇ ಎಡವಟ್ಟು ಬಯಲಾಯಿತು. ಹಿಂದಿನ ಸಲ ಗಾಳಿಗೆ ಉದುರಿದ ಮಿಡಿಯನ್ನು ಆಸೆಬುರುಕಿ ನಾನು ಹೆಕ್ಕಿ ತಂದು, ಮರ ಹತ್ತಿ ಕೊಯ್ದದ್ದರ ಜೊತೆ ಬೆರೆಸಿ ಉಪ್ಪಿಗೆ ಹಾಕಿದ್ದೆ. ಮುಚ್ಚಳ ತೆಗೆದರೆ ಅಬ್ಬಬ್ಬಾ, ಏನು ನಾತ! ನೆಲಕ್ಕೆ ಬಿದ್ದು ಪೆಟ್ಟು ತಿಂದ ಮಿಡಿ ತಾನೂ ಕೊಳೆತು ಇಡೀ ಭರಣಿಯನ್ನೂ ಕೊಳೆಸುತ್ತದೆ. ಗೊತ್ತಿದ್ದೂ ಮಾಡಿದ್ದೆ. ನಮ್ಮಲ್ಲಿ ಭರಣಿ ಕೆಟ್ಟರೆ ಪಕ್ಕದ ಮನೆಗೂ ತಿಳಿಯಬಾರದು. ತೆಂಗಿನ ಬುಡಕ್ಕೆ ಹೂತು ಸುಮ್ಮನಾಗುವುದೇ ರೂಢಿ. ನಾನು ಹೂಳುವ ಮೊದಲು ಒಂದು ಬಾಟಲಿ ತುಂಬಿಟ್ಟುಕೊಂಡೆ. ಮರ ಹತ್ತುವವನ ಖರ್ಚು ಯಾಕೆ ಅಂತ ಹಣ ಹಾಕುವವರು ಕೇಳಿಯೇ ಕೇಳುತ್ತಾರೆ ಎಂದು ಮೇಡಂ ಎಚ್ಚರಿಸಿದ್ದರು. ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

"ಹುಚ್ಚು ಹಿಡದ್ದನೇ ನಿಂಗೆ? ಮನೆ ಮರ್ಯಾದೆ ಪೇಟೆಗೆ ಹೊತ್ಕಂಡು ಹೋಗ್ತ್ಯ?" ಎಂದ ಅತ್ತೆ ಎರಡು ದಿನ ಮಾತು ಬಿಟ್ಟರು.

ಶಿರಸಿಯ ಎಸಿ ಕೋಣೆಯಲ್ಲಿ ಹಣ ಹಾಕುವ ಮೂವರು ಕೂತಿದ್ದರು. ನನ್ನ ಐದು ನಿಮಿಷ ಮುಗಿದದ್ದೇ, ಅವರಲ್ಲಿ ಕನ್ನಡಕ ಹಾಕಿದವರು ಕೇಳಿದರು: "ಮರ ಹತ್ತಿಸಿ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸೋದು ಯಾವ ಕಾಲದ್ದು? ಕೆಳಗೆ ಬಲೆ ಹಾಸಿ ಕೊಂಬೆ ಅಲುಗಿಸಿ. ಆ ಖರ್ಚು ತೆಗೆದರೆ ನಾವು ರೆಡಿ."

ಮೈಯೆಲ್ಲ ಉರಿದುಹೋಯಿತು. ನಮ್ಮ ಕೊಯ್ಲಿನವ ಕೊಂಬೆ ಕೊಂಬೆಗೆ ಜೀವ ಒತ್ತೆಯಿಟ್ಟು, ಗೊಂಚಲು ಗೊಂಚಲಾಗಿ ಇಳಿಸಿಕೊಟ್ಟ ಮಿಡಿಯ ಮೇಲೆ ನಿಂತ ವ್ಯಾಪಾರ ಇದು. ಬಾಟಲಿಯ ಮುಚ್ಚಳ ತೆಗೆದು ಮೇಜಿನ ನಡುವೆ ಇಟ್ಟೆ.

"ಇದು ಉದುರಿದ ಮಿಡಿ. ಬಲೆಗೆ ಬಿದ್ದರೂ ಪೆಟ್ಟು ಪೆಟ್ಟೇ. ನಾನೇ ಹಾಕಿದ್ದು, ನಾನೇ ಕೆಡಿಸಿದ್ದು. ಮೂಸಿ ನೋಡಿ."

ಮೂರು ಕರವಸ್ತ್ರ ಮೂಗಿಗೇರಿದವು. ಒಳ್ಳೆಯ ಬಾಟಲಿಯನ್ನೂ ತೆರೆದೆ. ಕನ್ನಡಕದವರು ಒಂದಲ್ಲ, ಎರಡು ಮಿಡಿ ತಿಂದರು. ಕೈ ಒರೆಸಿಕೊಂಡು, "ರುಚಿ ಚೆನ್ನಾಗಿದೆ. ಆದರೆ ಬಲೆಯ ಷರತ್ತು ಇರುತ್ತೆ," ಅಂದರು. ಹಿಂದೆ ಕೂತಿದ್ದ ಮೇಡಂ ಒಪ್ಪಿಕೊಳ್ಳಿ ಅಂತ ಕಣ್ಣಲ್ಲೇ ಬೇಡುತ್ತಿದ್ದರು.

"ಹಾಗಾದರೆ ನಿಮ್ಮ ದುಡ್ಡು ನಿಮ್ಮ ಹತ್ತಿರವೇ ಇರಲಿ," ಅಂದೆ. ಎರಡೂ ಬಾಟಲಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಶೆಡ್ ಹೋಯಿತಲ್ಲ!

ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. "ಮುಚ್ಚಳ ತೆಗದ್ಯ?"

"ತೆಗದಿ. ದುಡ್ಡು ಸಿಕ್ಕಿದ್ದಿಲ್ಲೆ."

ಅವರು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ದರದರ ಸದ್ದಿಗೆ ಎದ್ದು ಬಂದರೆ, ತಮ್ಮ ಮಂಚವನ್ನು ಒಬ್ಬರೇ ಜಗಲಿಗೆ ಎಳೆಯುತ್ತಿದ್ದರು. ಅವರ ಕೋಣೆ ಖಾಲಿಯಾಗಿ, ಗುಡಿಸಿ ಒರೆಸಿದ ನೆಲ ಇನ್ನೂ ಹಸಿಯಾಗಿತ್ತು.

"ನಿಂತ್ಕಂಡು ಎಂತ ನೋಡ್ತೆ?" ಅಂದರು. "ಭರಣಿ ತಗಂಡು ಬಾ."