ತಮ್ಮನಿರುವ ದೇಶಕ್ಕೆ ಹೋದ ಬಸ್ಸು

ನನ್ನ ತಮ್ಮ ಬೋಸ್ನಿಯಾ ಎಂಬ ದೇಶದಲ್ಲಿ ಮಣ್ಣಾಗಿದ್ದಾನೆ. ಹೀಗೆಂದರೆ ಅಹಮದಾಬಾದಿನ ನಮ್ಮ ಕನ್ನಡ ಮಂದಿ ಮೊದಲು ಕೇಳುವುದೇ ‘ಅದೆಲ್ಲಿ ಬಂತು?’ ಅಂತ. ನನಗೂ ಗೊತ್ತಿರಲಿಲ್ಲ. ಅವನು ವಡೋದರದ ಗೋರ್ವಾದಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮಾರಿದ ಯಂತ್ರವನ್ನು ಕೂರಿಸಿಕೊಟ್ಟು ಬಾ ಎಂದು ಅವನನ್ನು ಅಲ್ಲಿಗೆ ಕಳಿಸಿದರು. ಕೊರೊನಾ ಬಂತು, ವಿಮಾನಗಳು ನಿಂತವು, ಅವನೂ ಅಲ್ಲೇ ಉಳಿದ. ಕೊನೆಗೆ ಅದೇ ಜ್ವರ ಅವನನ್ನೂ ಒಯ್ದಿತು. ಸುಡುವ ವ್ಯವಸ್ಥೆ ಹತ್ತಿರದಲ್ಲೆಲ್ಲೂ ಇಲ್ಲವೆಂದು ಹೂಳಿದರಂತೆ. ಅವನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯವನೊಬ್ಬ ಒಂದು ಫೋಟೊ ಕಳಿಸಿದ: ಗುಡ್ಡದ ಇಳಿಜಾರು, ಒಂದು ಬಾಗಿದ ಮರ, ಮಣ್ಣಿನ ದಿಬ್ಬ, ಅದಕ್ಕೊಂದು ಕಟ್ಟಿಗೆಯ ಹಲಗೆ. ಕಾರ್ಖಾನೆಯವರು ಅವನ ಸೂಟ್‌ಕೇಸನ್ನು ಮನೆಗೆ ಮುಟ್ಟಿಸಿದರು.

ನಮ್ಮ ಧಾರವಾಡದ ಕಡೆ ಪಂಚಮಿ ಎಂದರೆ ಅಕ್ಕ-ತಂಗಿಯರ ಹಬ್ಬ. ನಾಗಪ್ಪನಿಗೆ ಹಾಲೆರೆಯುವಾಗ ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ಎರೆಯುತ್ತೇವೆ. ಅವನು ಹೋದ ಮೇಲೂ ನಾನು ತಮ್ಮನ ಪಾಲನ್ನು ಬಿಡಲಿಲ್ಲ. ಆದರೆ ಎರೆದ ಹಾಲು ಅಹಮದಾಬಾದಿನ ನವರಂಗಪುರದ ನಮ್ಮ ಫ್ಲ್ಯಾಟಿನ ಬಚ್ಚಲಿಗೆ ಹರಿದು ಹೋಗುತ್ತಿತ್ತು. ಒಂದು ಸಲ, ಒಂದೇ ಸಲ, ಅವನನ್ನು ಇಟ್ಟ ಜಾಗದಲ್ಲಿ ನಿಂತು ಅವನ ಪಾಲನ್ನು ಅಲ್ಲೇ ಎರೆಯಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಅಂಥದ್ದರಲ್ಲಿ ಈ ಹಡಗಿನ ಪ್ರವಾಸ ಬಂತು. ವಡೋದರದ ಫತೇಗಂಜ್‌ನಲ್ಲಿ ಟ್ರಾವೆಲ್ ಆಫೀಸು ನಡೆಸುವ ಒಬ್ಬ ಗುಜರಾತಿ ಹೆಂಗಸು ನಮಗೆ ಮೊದಲಿನಿಂದಲೂ ಪರಿಚಯ. ಗುಜರಾತಿನವರು ಊರು ಬಿಟ್ಟರೆ ಅಡುಗೆಯ ಮಹಾರಾಜನನ್ನೂ ಕಟ್ಟಿಕೊಂಡೇ ಹೊರಡುವವರು. ಅಂಥ ಒಂದು ಗುಂಪನ್ನು ಆಕೆ ಇಟಲಿಯಿಂದ ಹೊರಡುವ ಹಡಗಿಗೆ ಸೇರಿಸುತ್ತಿದ್ದಳು. ಹಡಗು ಕ್ರೊಯೇಷಿಯಾದ ಒಂದು ಬಂದರಿನಲ್ಲಿ ಇಡೀ ದಿನ ನಿಲ್ಲುತ್ತದೆ, ಬೇಕಾದವರು ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಬೋಸ್ನಿಯಾದ ಹಳೆಯ ಕಲ್ಲುಸೇತುವೆಯ ಊರನ್ನು ನೋಡಿ ಸಂಜೆಗೆ ಮರಳಬಹುದು ಎಂದು ಅವಳು ಕಳಿಸಿದ ಹಾಳೆಯಲ್ಲಿತ್ತು. ಆ ಊರಿನ ಹೆಸರನ್ನು ಎರಡು ಸಲ ಓದಿದೆ. ನನ್ನ ತಮ್ಮ ಕೆಲಸಕ್ಕೆ ಇದ್ದದ್ದೂ, ಮಣ್ಣಾದದ್ದೂ ಅಲ್ಲೇ.

ಯಜಮಾನರು ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾರೆ. ಅಲ್ಲಿಯವರು ಹೊರದೇಶಕ್ಕೆ ಕಾಲಿಡಬೇಕಾದರೆ ಯಾವ ಯಾವ ದೇಶ ಎಂದು ಬರೆದುಕೊಟ್ಟು ಅಪ್ಪಣೆ ಪಡೆಯಬೇಕು. ಇವರು ಇಟಲಿ, ಕ್ರೊಯೇಷಿಯಾ, ಗ್ರೀಸ್ ಎಂದು ಬರೆದು ಪೆನ್ನು ಮುಚ್ಚಿದರು.

“ಬೋಸ್ನಿಯಾ?” ಎಂದೆ.

“ಆ ಒಂದು ಹೆಸರು ಹೆಚ್ಚಿಗಿ ಬರದರ ಫೈಲು ದಿಲ್ಲಿ ತನಕ ಹೋಗ್ತದ. ಯಾಕ ಹೊಂಟೀರಿ, ಅಲ್ಲಿ ನಿಮ್ಮವರು ಯಾರದಾರ ಅಂತ ನೂರಾಎಂಟು ಪ್ರಶ್ನಿ. ಅದು ತಿರುಗಿ ಬರೂದ್ರಾಗ ಹಡಗು ಹೋಗಿರ್ತದ.”

“ಹಂಗಾರ ನಾ ಹ್ಯಾಂಗ ಹೋಗ್ಲಿ?”

“ಪರ್ಮಿಷನ್ ಬೇಕಾಗಿದ್ದು ನನಗ, ನಿನಗಲ್ಲ. ನಾ ಹಡಗಿನ್ಯಾಗ ಕೂಡ್ತೀನಿ. ನೀ ಬಸ್ ಹತ್ತಿ ಹೋಗಿ ಬಾ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇವರ ಜಾಣತನಕ್ಕೆ ಅಂದು ನಾನೂ ತಲೆದೂಗಿದೆ. ಫತೇಗಂಜ್‌ನ ಹೆಂಗಸು ಮನೆ ಒಂದು, ಫೈಲೂ ಒಂದು ಎಂದು ನಮ್ಮಿಬ್ಬರ ವೀಸಾ ಅರ್ಜಿಗಳನ್ನು ಒಟ್ಟಿಗೆ ಜೋಡಿಸಿ, ಮೇಲೆ ಇವರ ಆಫೀಸಿನ ಅಪ್ಪಣೆಪತ್ರವನ್ನು ಇಟ್ಟಳು. ಪತ್ರದಲ್ಲಿ ಮೂರು ದೇಶಗಳಿದ್ದವು, ಹಾಗಾಗಿ ಅರ್ಜಿಯಲ್ಲೂ ಮೂರೇ ದೇಶ. ಅಹಮದಾಬಾದಿನ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು, ಬರುವಾಗ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆವು. ತಮ್ಮ ಹೋದ ಮೇಲೆ ನಾನು ಅಷ್ಟು ಗೆಲುವಾಗಿದ್ದ ದಿನ ಇನ್ನೊಂದಿರಲಿಲ್ಲ.

ವೀಸಾ ಬಂತು, ಪಾಸ್‌ಪೋರ್ಟ್ ಒಯ್ಯಿರಿ ಎಂದು ಫೋನು ಬಂದಾಗ ರೈಲು ಹತ್ತಿ ವಡೋದರಕ್ಕೆ ಹೋದೆವು. ಗುಂಪಿನ ಪಾಸ್‌ಪೋರ್ಟುಗಳನ್ನೆಲ್ಲ ಆಕೆ ರಬ್ಬರ್‌ಬ್ಯಾಂಡ್ ಹಾಕಿ ಮೇಜಿನ ಮೇಲಿಟ್ಟಿದ್ದಳು. ಸೂರತ್‌ನಿಂದ ಬಂದ, ನನ್ನ ವಯಸ್ಸಿನವರೇ ಆದ ಇನ್ನೊಬ್ಬ ಹೆಂಗಸು ತಮ್ಮದನ್ನು ತೆಗೆದುಕೊಳ್ಳಲು ಕುಳಿತಿದ್ದರು. ನಾನು ಪಾಸ್‌ಪೋರ್ಟನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುವಷ್ಟರಲ್ಲಿ ಟ್ರಾವೆಲ್ ಆಫೀಸಿನ ಹೆಂಗಸು ಕೈ ಚಾಚಿದಳು. ಬಸ್ಸಿಗೆ ಹೆಸರು ಕೊಟ್ಟವರ ವೀಸಾ ಹಡಗಿನವರಿಗೆ ಕಳಿಸಬೇಕಂತೆ. ಪುಟ ತೆರೆದವಳು ಹಾಗೇ ನಿಂತಳು.

“ಬೇನ್, ಬಸ್ಸಿನ ಆಸೆ ಬಿಟ್ಟುಬಿಡಿ,” ಎಂದಳು ಹಿಂದಿಯಲ್ಲಿ. ಬೇನ್ ಎಂದರೆ ಗುಜರಾತಿನವರ ಮಾತಿನಲ್ಲಿ ಅಕ್ಕ.

ಇಟಲಿ, ಕ್ರೊಯೇಷಿಯಾ, ಗ್ರೀಸ್ ಮೂರಕ್ಕೂ ಒಂದೇ ವೀಸಾ. ಹಡಗು ಅವುಗಳ ನಡುವೆ ಎಷ್ಟು ಓಡಾಡಿದರೂ ಒಂದು ಸಲ ಒಳಗೆ ಬಂದ ಲೆಕ್ಕವೇ. ಬಸ್ಸು ಮಾತ್ರ ಆ ದೇಶಗಳ ಬೇಲಿಯಿಂದ ಹೊರಗೆ, ಬೋಸ್ನಿಯಾಕ್ಕೆ, ಹೋಗುತ್ತದೆ, ಮರಳಿ ಬರುವುದು ಎರಡನೆಯ ಪ್ರವೇಶವಾಗುತ್ತದೆ. ನಾವು ಕೇಳಿದ ಮೂರು ದೇಶಕ್ಕೆ ಒಂದು ಪ್ರವೇಶ ಸಾಕೆಂದು ವೀಸಾದವರು ಒಂದನ್ನೇ ಕೊಟ್ಟಿದ್ದರು. ಹಲವು ಪ್ರವೇಶದ ವೀಸಾ ಇದ್ದರೆ ಬೋಸ್ನಿಯಾಕ್ಕೆ ಬೇರೆ ವೀಸಾ ಬೇಡ, ಇಂಥ ಒಂದೇ ಪ್ರವೇಶದ್ದನ್ನು ನೋಡಿದರೆ ಅಲ್ಲಿಯವರೂ ಒಳಗೆ ಬಿಡುವುದಿಲ್ಲವಂತೆ. ಬೋಸ್ನಿಯಾದ ಹೆಸರು ಅರ್ಜಿಯಲ್ಲಿದ್ದಿದ್ದರೆ ಹಲವು ಪ್ರವೇಶದ್ದನ್ನು ಕೇಳಬಹುದಿತ್ತು. ಈಗ ಮತ್ತೆ ಅರ್ಜಿ ಹಾಕಲು ದಿನಗಳಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೂರತ್‌ನ ಹೆಂಗಸಿನ ಎದುರೇ ನಾನು ಗಳಗಳ ಅತ್ತೆ. ಯಾಕೆಂದು ಅವರು ಕೇಳಿದಾಗ ಎಲ್ಲವನ್ನೂ ಹೇಳಿದೆ. ಯಜಮಾನರು ಗೋಡೆಯ ಮೇಲಿನ ಹಡಗಿನ ಚಿತ್ರವನ್ನು ನೋಡುತ್ತ ನಿಂತಿದ್ದರು.

ಮರಳುವ ರೈಲಿನಲ್ಲಿ ಆಣಂದ್ ದಾಟಿದ ಮೇಲೆ ಇವರೇ, “ನನಗದು ಹೊಳೀಲೇ ಇಲ್ಲ,” ಅಂದರು.

“ನಿಮಗ ನಿಮ್ಮ ಆಫೀಸು ಹೊಳೀತು. ನಾ ಹೊಳೀಲಿಲ್ಲ.”

ನನಗೆ ನೌಕರಿಯಿಲ್ಲ, ನಾನು ಯಾವ ಸಾಹೇಬನ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಆದರೂ ನನ್ನ ತಮ್ಮನ ಹತ್ತಿರ ಹೋಗುವ ದಾರಿ ಇವರ ಸಾಹೇಬನ ಸಹಿಯ ಕೆಳಗೇ ಹಾದು ಹೋಗಬೇಕಾಯಿತು. ಗಂಡ-ಹೆಂಡತಿಯ ಕಾಗದಗಳನ್ನು ಬೇರೆ ಬೇರೆ ಮಾಡಬಹುದು ಎಂದು ನಮ್ಮಲ್ಲಿ ಒಬ್ಬರಿಗೂ, ನನಗೂ, ಅನ್ನಿಸಿರಲಿಲ್ಲ.

ಹೋಗುವುದೇ ಬೇಡವೆಂದು ಹಟ ಹಿಡಿದೆ. ಆಮೇಲೆ, ಅಷ್ಟು ಹತ್ತಿರವಾದರೂ ಹೋಗಿ ಬರೋಣ ಎಂದು ಮನಸ್ಸು ತಿರುಗಿತು. ಪಂಚಮಿಗೆ ಮಾಡುವ ಶೇಂಗಾ ಉಂಡಿ, ತಂಬಿಟ್ಟು ಮಾಡಿ ಡಬ್ಬಿಗೆ ತುಂಬಿದೆ. ಯಜಮಾನರೇ ಅದರ ಮುಚ್ಚಳ ಬಿಗಿ ಮಾಡಿ ಸೂಟ್‌ಕೇಸಿನಲ್ಲಿಟ್ಟರು.

ಹಡಗು ಹತ್ತಿದ ಕೂಡಲೇ ಸಿಬ್ಬಂದಿ ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು ಕೈಗೊಂದು ಕಾರ್ಡು ಕೊಟ್ಟರು. ಇಳಿಯಲು ಹತ್ತಲು ಅದೇ ಸಾಕು. ಕ್ರೊಯೇಷಿಯಾದ ಬಂದರಿನಲ್ಲಿ ನಿಂತ ಬೆಳಿಗ್ಗೆ ಮಾತ್ರ ಬಸ್ಸಿಗೆ ಹೋಗುವವರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹೆಸರು ಕೂಗಿ ಪಾಸ್‌ಪೋರ್ಟನ್ನು ವಾಪಸು ಕೊಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಸೂರತ್‌ನ ಹೆಂಗಸು ಸಾಲಿನಲ್ಲಿದ್ದರು. ಅವರ ಮಗಳು ಯುರೋಪಿನಲ್ಲಿ ಎಲ್ಲೋ ಇರುವುದರಿಂದ ಅವರ ವೀಸಾ ವರ್ಷಗಟ್ಟಲೆಯದು, ಎಷ್ಟು ಸಲ ಹೋಗಿ ಬರಲೂ ಅಡ್ಡಿಯಿಲ್ಲ. ಪಾಸ್‌ಪೋರ್ಟ್ ಪಡೆದವರು ಬಸ್ಸಿನ ಕಡೆ ಹೋಗಲಿಲ್ಲ. ನೇರವಾಗಿ ನನ್ನ ಬಳಿ ಬಂದರು.

“ತಮ್ಮನನ್ನು ಇಟ್ಟ ಜಾಗದ ಫೋಟೊ ನನ್ನ ಫೋನಿಗೆ ಕಳಿಸಿ. ಏನು ಒಯ್ಯಬೇಕೋ ಕೊಡಿ.”

ಮಸಣದ ಕೆಲಸವನ್ನು ಹೇಗೆ ಒಬ್ಬರಿಗೆ ವಹಿಸುವುದು? ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಅವರೇ ನನ್ನ ಕೈಯಲ್ಲಿದ್ದ ಉಂಡಿಯ ಡಬ್ಬಿಯನ್ನು ಕಿತ್ತುಕೊಂಡರು. ಹಡಗಿನ ಊಟದ ಮನೆಯಲ್ಲಿ ಬೇಡಿ ತಂದ ಹಾಲನ್ನು ಒಂದು ಬಾಟಲಿಗೆ ಹಾಕಿ ಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಆ ದಿನವೆಲ್ಲ ನಾನು ಬಂದರಿನ ಬೆಂಚಿನ ಮೇಲೆ ಕುಳಿತೆ. ಯಜಮಾನರು ಚಹಾ ತಂದಿಟ್ಟರು, ಅದು ಆರಿತು. ಬಸ್ಸು ಹೋದ ದಿಕ್ಕಿನಲ್ಲಿ ಬೋಳು ಗುಡ್ಡಗಳು ಕಾಣುತ್ತಿದ್ದವು. ಅವುಗಳ ಹಿಂದೆಯೇ ಗಡಿ ಎಂದು ಯಾರೋ ಹೇಳಿದರು. ಇಲ್ಲಿಯವರೆಗೆ ಬಂದದ್ದೇ ತಪ್ಪಾಯಿತು ಅನ್ನಿಸಿತು. ದೂರವಿದ್ದಾಗ ದೂರ ಎಂಬ ಸಮಾಧಾನವಾದರೂ ಇತ್ತು.

ಸಂಜೆ ಬಸ್ಸು ಬಂದಾಗ ಓಡಿದೆ. ಅವರು ಕೈ ಅಡ್ಡ ಹಿಡಿದು ದೂರ ನಿಂತರು.

“ಮುಟ್ಟಬೇಡಿ ಬೇನ್, ಮೊದಲು ಸ್ನಾನ ಆಗಲಿ.”

ಸೇತುವೆಯನ್ನು ಅವರು ನೋಡಲೇ ಇಲ್ಲವಂತೆ. ಟ್ಯಾಕ್ಸಿಯವನಿಗೆ ಫೋಟೊ ತೋರಿಸಿ, ಗುಡ್ಡ ಹತ್ತಿ ಹುಡುಕಿದರಂತೆ. ಹಲಗೆಯ ಮೇಲಿನ ಹೆಸರು ಮಳೆಗೆ ಅಳಿಸಿ ಹೋಗಿತ್ತು. ಬಾಗಿದ ಮರದಿಂದ ಗುರುತು ಹಿಡಿದು, ಹಾಲೆರೆದು, ಉಂಡಿ ಇಟ್ಟು, ಕೈಮುಗಿದು ಬಂದಿದ್ದರು.

“ಅವನಿಗೆ ಏನಾದರೂ ಹೇಳಿದಿರಾ?”

“ಹೇಳಿದೆ. ನಿನ್ನ ಅಕ್ಕ ಬಂದಿದ್ದಾಳೆ ಅಂದೆ.”

ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಉಪಕಾರ ಮಾಡಿದವರ ಮೇಲೆ ಹಾಗೆ ರೇಗಬಾರದಿತ್ತು, ಆದರೂ ರೇಗಿದೆ. “ನಾನು ಬಂದಿಲ್ಲವಲ್ಲ! ಸುಳ್ಳು ಯಾಕೆ ಹೇಳಿದಿರಿ?”

ಅವರಿಗೆ ಬೇಸರವಾಗಲಿಲ್ಲ. ದಣಿದಿದ್ದರು, ಸೀರೆಯ ಅಂಚಿಗೆ ಕೆಂಪು ಮಣ್ಣು ಹತ್ತಿತ್ತು.

“ಮತ್ತೇನು ಹೇಳಬೇಕಿತ್ತು ಬೇನ್? ನಿನ್ನ ಅಕ್ಕನ ವೀಸಾ ಒಂದೇ ಸಲದ್ದು ಅಂತಲೇ?”

ಹಾಗೆಂದು ಅವರು ಸ್ನಾನಕ್ಕೆ ಹೋದರು. ನಾನು ಅಲ್ಲೇ ನಿಂತಿದ್ದೆ. ಅಷ್ಟು ವರ್ಷ ಅವನು ನನ್ನ ದಾರಿ ಕಾಯುತ್ತಿದ್ದಾನೆ ಎಂದುಕೊಂಡೇ ನಾನು ಬದುಕಿದ್ದೆ. ಈಗ ಅಕ್ಕ ಬಂದು ಹೋದಳೆಂದು ನಂಬಿ, ಅವನು ಕಾಯುವುದನ್ನು ಬಿಟ್ಟಿರುತ್ತಾನೆ.