ಕೋಪರಖೈರಣೆಯಲ್ಲಿ ಇಲ್ಲದ ಹೋಟೆಲು

ನನ್ನ ಹಳೆಯ ಕಚೇರಿಯಲ್ಲಿ ಈ ಪ್ರಕರಣವನ್ನು ಈಗಲೂ ಹೀಗೆ ಹೇಳುತ್ತಾರೆ: ಸರ್ಚ್ ಎಂಜಿನ್‌ನ ಒಂದು ಅಪ್‌ಡೇಟ್ ಬಂತು, ಒಂದು ಹೋಟೆಲಿನ ಕೋಪರಖೈರಣೆ ಶಾಖೆ ಮ್ಯಾಪಿನಿಂದ ಹೋಯಿತು. ಕೇಳಿದರೆ ನೆರೆ ಬಂದು ಸೇತುವೆ ಕೊಚ್ಚಿಹೋದ ಹಾಗೆ; ಯಾರ ಕೈಯೂ ಇಲ್ಲ, ಯಾರ ತಪ್ಪೂ ಇಲ್ಲ. ನನ್ನ ಗೆಳತಿಯರು ಹೇಳುವುದು ಇನ್ನೊಂದು ಕಥೆ. ಅದರಲ್ಲಿ ನಾನು ಮಾಲೀಕರನ್ನು ಎದುರು ಹಾಕಿಕೊಂಡ ಧೀರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅಪ್‌ಡೇಟ್ ಏನೂ ಬಂದಿರಲಿಲ್ಲ, ದೂರು ಕೊಟ್ಟವಳು ನಾನು. ಆದರೆ ಆ ಶಾಖೆಯನ್ನು ಹುಟ್ಟಿಸಿದ ವಿಡಿಯೋ ತೆಗೆದವಳೂ ನಾನೇ. ಇದನ್ನು ಮುಚ್ಚಿಟ್ಟು ಅದನ್ನು ಹೇಳುವ ಹಕ್ಕು ನನಗಿಲ್ಲ.

ಕೋವಿಡ್ ನಿರ್ಬಂಧಗಳು ಮುಗಿದು ಎರಡು ವರ್ಷವಾಗಿತ್ತು. ಥಾಣೆಯ ಮಾಜಿವಾಡಾ ಜಂಕ್ಷನ್ ಹತ್ತಿರ, ಟೈರ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿದ್ದ ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಯಲ್ಲಿ ನಾನು ಎಸ್‌ಇಒ ಎಕ್ಸಿಕ್ಯೂಟಿವ್ ಆಗಿದ್ದೆ. ಎಸ್‌ಇಒ ಅಂದರೆ ಸರ್ಚ್ ಎಂಜಿನ್ ಆಪ್ಟಿಮೈಸೇಶನ್. ಜನ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ನಮ್ಮ ಗ್ರಾಹಕರ ವೆಬ್‌ಸೈಟು ಮೇಲಿನ ಸಾಲುಗಳಲ್ಲಿ ಬರುವಂತೆ ಮಾಡುವ ಕೆಲಸ. ಸಂಸ್ಥೆಯ ಮಾಲೀಕರು ಹುಬ್ಬಳ್ಳಿ ಕಡೆಯ ಈರಣ್ಣ ಸರ್. ಇಪ್ಪತ್ತು ವರ್ಷ ಥಾಣೆಯಲ್ಲಿದ್ದರೂ ಮಾತು ಮಾತ್ರ ಹುಬ್ಬಳ್ಳಿಯದೇ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಪ್ರಮಾಣಪತ್ರಗಳನ್ನು ನೋಡಿ ಅವರು ಕೆಲಸ ಕೊಟ್ಟರು. ಆಮೇಲೆ ಅದಕ್ಕಾಗಿಯೇ ಹಲವು ಸಲ ಪರಿತಪಿಸಿದರು.

ನಾನು ತಂದುಕೊಟ್ಟ ಮೊದಲ ಗ್ರಾಹಕ ವಾಸು ಮಾಮ. ಡೊಂಬಿವಲಿ ಪೂರ್ವದಲ್ಲಿ ಅವರದು ಶುದ್ಧ ಶಾಕಾಹಾರಿ ಹೋಟೆಲು, ಜೊತೆಗೆ ಕೇಟರಿಂಗ್. ರಕ್ತಸಂಬಂಧ ಇಲ್ಲ, ಅಪ್ಪನೂ ಅವರೂ ಉಡುಪಿ ಕಡೆಯವರು, ಒಂದೇ ಸಂಘದವರು, ಹಾಗಾಗಿ ಮಾಮ. ಅವರಿಗೆ ನವಿ ಮುಂಬಯಿಯ ಕೇಟರಿಂಗ್ ಆರ್ಡರ್ ಬೇಕಿತ್ತು. ತೊಂದರೆ ಏನೆಂದರೆ, 'ಹತ್ತಿರದ ವೆಜ್ ಊಟ' ಎಂದು ಯಾರಾದರೂ ಹುಡುಕಿದರೆ ಮೊದಲು ಕಾಣುವುದು ಒಂದು ಮ್ಯಾಪ್, ಅದರ ಕೆಳಗೆ ಮೂರು ಹೆಸರು. ಆ ಮೂರರೊಳಗೆ ಬರಲು ಮುಖ್ಯವಾಗಿ ನೋಡುವುದು ಹುಡುಕಿದ್ದಕ್ಕೂ ನಿಮಗೂ ಇರುವ ಸಂಬಂಧ, ನಿಮಗಿರುವ ಹೆಸರು, ಹುಡುಕುವವರಿಂದ ನಿಮಗಿರುವ ದೂರ. ಮೊದಲ ಎರಡನ್ನು ಕಷ್ಟಪಟ್ಟು ಗಳಿಸಬಹುದು. ಡೊಂಬಿವಲಿಯನ್ನು ನವಿ ಮುಂಬಯಿಯ ಕೋಪರಖೈರಣೆಯ ಪಕ್ಕಕ್ಕೆ ತಂದಿಡಲು ಯಾವ ಕಷ್ಟವೂ ಸಾಲದು. ಆದ್ದರಿಂದ ಈ ವೃತ್ತಿಯಲ್ಲಿ ಮೊದಲ ಸುಳ್ಳು ಹುಟ್ಟುವುದು ದೂರದ ವಿಷಯದಲ್ಲೇ.

ಈರಣ್ಣ ಸರ್ ಕೇಳಿದರು, "ಅಲ್ಲಿ ನಿಮ್ಮ ಮಂದಿ ಯಾರರೆ ಅದಾರೇನ್ರಿ?"

ಇದ್ದರು. ವಾಸು ಮಾಮನ ಚಿಕ್ಕಮ್ಮನ ಮಗಳು ಸುಮತಕ್ಕ ಕೋಪರಖೈರಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ, ನೆಲಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿದ್ದರು. ಗಂಡ ಮಾರ್ಕೆಟ್‌ನಲ್ಲಿ ಗುಮಾಸ್ತ. ಮಗಳು ಹತ್ತನೇ ಕ್ಲಾಸು, ಶಾಲೆ ಎದುರು ರಸ್ತೆಯಲ್ಲೇ.

ಮ್ಯಾಪಿನಲ್ಲಿ ಅಂಗಡಿ ಸೇರಿಸಬೇಕಾದರೆ ವಿಡಿಯೋ ಪರಿಶೀಲನೆ ಇರುತ್ತದೆ. ರಸ್ತೆ, ಕಟ್ಟಡ, ಬೋರ್ಡು, ಒಳಗಿನ ಸಲಕರಣೆ, ಎಲ್ಲವನ್ನೂ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ತೋರಿಸಬೇಕು. ಜುಲೈನ ಒಂದು ಭಾನುವಾರ ವಾಸು ಮಾಮನ ಟೆಂಪೋದಲ್ಲಿ ನಾವು ಹೋದೆವು. ಹಿಂದೆ ಹೋಟೆಲಿನ ಎರಡು ದೊಡ್ಡ ಪಾತ್ರೆ, ನನ್ನ ತೊಡೆಯ ಮೇಲೆ ಸುತ್ತಿಟ್ಟ ಫ್ಲೆಕ್ಸ್ ಬೋರ್ಡು. ಸುಮತಕ್ಕ ಒಳ್ಳೆಯ ಸೀರೆ ಉಟ್ಟು ಕಾದಿದ್ದರು.

"ಇದೆಲ್ಲ ಎಂತಕ್ಕೆ ವಾಸಣ್ಣ?"

"ಎಂತದೂ ಇಲ್ಲ ಮಾರಾಯ್ತಿ, ಹೋಟೆಲಿಗೆ ಒಂದು ವಿಡಿಯೋ. ಎರಡು ನಿಮಿಷ."

ತೋರಣದ ಮೊಳೆಗೆ ಬೋರ್ಡು ಸಿಕ್ಕಿಸಿದೆವು. ಸುಮತಕ್ಕನ ಗ್ಯಾಸ್ ಒಲೆಯ ಮೇಲೆ ಐವತ್ತು ಜನರ ಸಾಂಬಾರಿನ ಪಾತ್ರೆ ಏರಿತು, ಒಲೆಯೇ ಕಾಣಲಿಲ್ಲ. ಕಾಲೇಜಿನ ವೇದಿಕೆಯಲ್ಲಿ ಎದುರಾಳಿ ಹೀಗೆ ಮಾಡಿದ್ದರೆ 'ಕಟ್ಟಿದ ಸಾಕ್ಷ್ಯ' ಎಂದು ಮೇಜು ಕುಟ್ಟುತ್ತಿದ್ದೆ. ಅಲ್ಲಿ ನಾನು ಆಡಿದ ಮಾತು ಒಂದೇ: "ಅಕ್ಕ, ಸ್ವಲ್ಪ ಆಚೆ ನಿಲ್ಲಿ, ಹಿಂದೆ ಸೋಫಾ ಕಾಣ್ತದೆ."

ಕೆಲವೇ ದಿನಗಳಲ್ಲಿ ಒಪ್ಪಿಗೆ ಬಂತು. ವೆಬ್‌ಸೈಟಿನಲ್ಲಿ ಊರಿಗೊಂದು ಪುಟವನ್ನೂ ಮಾಡಿದೆವು: ಥಾಣೆ, ಕಲ್ಯಾಣ್, ಉಲ್ಹಾಸನಗರ, ವಾಶಿ. ಎಲ್ಲದರಲ್ಲೂ ಅದೇ ಬರಹ, ಊರಿನ ಹೆಸರು ಮಾತ್ರ ಬೇರೆ. ಇಂಥವನ್ನು ನಮ್ಮಲ್ಲಿ ಡೋರ್‌ವೇ ಪೇಜ್ ಅನ್ನುತ್ತಾರೆ. ಬಾಗಿಲು ಹತ್ತು, ಮನೆ ಒಂದು. ಅವಸರದಲ್ಲಿ, ವಾಶಿಯಿಂದ ಎಷ್ಟೋ ದೂರವಿರುವ ಉಲ್ಹಾಸನಗರದ ಪುಟದಲ್ಲಿ 'ವಾಶಿ ಸೇತುವೆಯ ಸಮೀಪ' ಎಂಬ ಸಾಲು ಹಾಗೇ ಉಳಿದಿತ್ತು. ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ತಿಂಗಳ ವರದಿಯಲ್ಲಿ ಬಾಣಗಳೆಲ್ಲ ಹಸಿರಾಗಿ ಮೇಲ್ಮುಖವಾಗಿದ್ದವು.

ಆಗಸ್ಟ್‌ನಲ್ಲಿ ಸುಮತಕ್ಕನ ಫೋನು ಬಂತು. "ನಿಶ್ಮಿತಾ, ನಿಮ್ಮ ಹೋಟೆಲಿಗೆ ಜನ ಬರ್ತಾ ಉಂಟು."

"ಒಳ್ಳೆದಾಯ್ತಲ್ಲ ಅಕ್ಕ!"

"ಒಳ್ಳೆದೆಂತ? ಬರೋದು ನಮ್ಮ ಮನೆಗೆ!"

ಮೊದಲು ಬಂದವರು ಯಾವುದೋ ಪ್ರವೇಶ ಪರೀಕ್ಷೆಗೆ ನಾಶಿಕದಿಂದ ಬಂದಿದ್ದ ತಂದೆ, ಮಗಳು. ಮಧ್ಯಾಹ್ನ ಒಂದೂವರೆ ಗಂಟೆ. ಬಾಗಿಲು ತೆರೆದ ಸುಮತಕ್ಕನಿಗೆ ಫೋನು ತೋರಿಸಿ ಇದೇ ತಾನೇ ಎಂದರು. ಇದು ಹೋಟೆಲಲ್ಲ ಎಂದು ಹೇಳಲು ಹೊರಟ ಸುಮತಕ್ಕ ಆ ಹುಡುಗಿಯ ಮುಖ ನೋಡಿ ಒಳಗೆ ಕರೆದರು. ಅನ್ನ, ಸಾರು, ಹೆಸರುಕಾಳಿನ ಪಲ್ಯ ಬಡಿಸಿದರು. ದುಡ್ಡು ಮುಟ್ಟಲಿಲ್ಲ. ತಂದೆ ಹೋಗುವಾಗ ಮ್ಯಾಪಿನಲ್ಲಿ ಐದು ಸ್ಟಾರ್ ಕೊಟ್ಟು ಮರಾಠಿಯಲ್ಲಿ ಎರಡು ಸಾಲು ಬರೆದರು: ಮನೆಯಲ್ಲೇ ಉಂಡ ಹಾಗಾಯಿತು, ಕಾಕು, ಅಂದರೆ ಚಿಕ್ಕಮ್ಮ, ಹಣ ತೆಗೆದುಕೊಳ್ಳಲೇ ಇಲ್ಲ.

ಆ ಎರಡು ಸಾಲು ಹುಡುಕಾಟಕ್ಕೆಂದು ನಾವು ತುಂಬಿದ್ದ ಎಲ್ಲ ಕೀವರ್ಡ್‌ಗಳಿಗಿಂತ ಚೆನ್ನಾಗಿ ಕೆಲಸ ಮಾಡಿದವು. ವಾರಕ್ಕೆ ಐದಾರು ಜನ ಬೆಲ್ ಒತ್ತತೊಡಗಿದರು. "ಊಟದ ಹೊತ್ತಿಗೆ ಬಂದವರನ್ನು ಬಾಗಿಲಿಂದ ಕಳಿಸ್ಲಿಕ್ಕೆ ಉಂಟಾ?" ಎಂದರು ಸುಮತಕ್ಕ. "ಆದ್ರೆ ನಿನ್ನೆ ಒಬ್ಬ ಮೆನು ಕಾರ್ಡ್ ಕೇಳಿದ. ಅವನಿಗೆ ಮಾತ್ರ ಎರಡು ಬೈದೆ."

ನಾನು ನಕ್ಕೆ. ನಕ್ಕಿದ್ದಕ್ಕೆ ನಾಚಿಕೆಯಾಗುವ ದಿನ ದೂರವಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಸೊಸೈಟಿಯ ಸೆಕ್ರೆಟರಿ ಅವರ ಬಾಗಿಲಿಗೆ ಬಂದು, "ಯಹಾಂ ಹೋಟೆಲ್ ಚಲಾ ರಹೇ ಹೋ ಕ್ಯಾ?", ಇಲ್ಲಿ ಹೋಟೆಲು ನಡೆಸುತ್ತಿದ್ದೀರಾ, ಎಂದು ಮ್ಯಾಪ್ ತೋರಿಸಿದರು. ವಸತಿ ಫ್ಲ್ಯಾಟಿನಲ್ಲಿ ವ್ಯಾಪಾರ ನಡೆಸುತ್ತಿದ್ದಾರೆಂದು ಫ್ಲ್ಯಾಟಿನ ಒಡೆಯರಿಗೆ ನೋಟಿಸು ಹೋಯಿತು. ತಿಂಗಳ ಕೊನೆಯೊಳಗೆ ಖಾಲಿ ಮಾಡಿ ಎಂದರು ಒಡೆಯರು. ಸುಮತಕ್ಕ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಸುಳ್ಳು ಎನ್ನಲು ಅವರ ಬಳಿ ಬಾಯಿಮಾತು ಮಾತ್ರ. ನಿಜ ಎನ್ನಲು ಮ್ಯಾಪಿನಲ್ಲಿ ಜಾಗ ತೋರಿಸುವ ಪಿನ್ ಇತ್ತು, ಫೋಟೋ ಇತ್ತು, ಹತ್ತೊಂಬತ್ತು ರಿವ್ಯೂ ಇದ್ದವು. ಹತ್ತನೇ ಕ್ಲಾಸಿನ ನಡುವರ್ಷದಲ್ಲಿ ಮನೆ ಎಲ್ಲಿ ಹುಡುಕುವುದು?

ಮರುದಿನವೇ ಪಿನ್ ತೆಗೆಸಬೇಕೆಂದು ಈರಣ್ಣ ಸರ್ ಮುಂದೆ ನಿಂತೆ.

"ತಂಗಿ, ಎಲ್ಲಾರೂ ಮಾಡ್ತಾರ. ನಾವೊಬ್ರ ಮಾಡೀವೇನು?"

"ಎಲ್ಲರೂ ಮಾಡ್ತಾರೆ ಅನ್ನೋದು ವಾದ ಅಲ್ಲ ಸರ್, ಹಾಜರಿ ಲೆಕ್ಕ."

"ಇದು ಡಿಬೇಟ್ ಸ್ಟೇಜ್ ಅಲ್ಲವ್ವಾ. ಕ್ಲೈಂಟ್ ಹೇಳಿದ್ರ ತಗೀತೀವಿ, ಇಲ್ಲಂದ್ರ ಇಲ್ಲ."

ಕ್ಲೈಂಟ್ ಬಳಿ ಹೋದೆ. ವಾಸು ಮಾಮ ಗಲ್ಲಾದಿಂದ ಏಳಲೂ ಇಲ್ಲ. "ನವರಾತ್ರಿ ಆರ್ಡರ್ ಮುಗೀಲಿ, ತೆಗೆಸುವ. ಸುಮತಿ ನಮ್ಮವಳೇ ಅಲ್ವಾ, ಅಡ್ಜಸ್ಟ್ ಮಾಡ್ತಾಳೆ."

"ತಿಂಗಳ ಕೊನೆಗೆ ಅವರ ಸಾಮಾನು ರಸ್ತೆಯಲ್ಲಿರ್ತದೆ ಮಾಮ."

"ನೀನು ವಕೀಲೆ ಆಗಬೇಕಿತ್ತು. ಚಾ ಕುಡಿ."

ಚಹಾ ಕುಡಿಯಲಿಲ್ಲ. ಗ್ರಾಹಕರ ಲಾಗಿನ್ ನನ್ನ ಬಳಿಯಿತ್ತು, ಒಂದು ಗುಂಡಿ ಒತ್ತಿ ಪಿನ್ ಅಳಿಸಬಹುದಿತ್ತು. ಅದು ನನಗೆ ನಂಬಿ ಕೊಟ್ಟ ಬೀಗದ ಕೈ, ಅದನ್ನು ಬಳಸಲಿಲ್ಲ. ಮ್ಯಾಪಿನಲ್ಲಿ ತಪ್ಪು ವರದಿ ಮಾಡಲು ಯಾರು ಬೇಕಾದರೂ ತುಂಬಬಹುದಾದ ಅರ್ಜಿಯೊಂದಿದೆ. ಅದನ್ನು ನನ್ನ ಸ್ವಂತ ಹೆಸರಿನಲ್ಲಿ ತುಂಬಿದೆ. ಈ ವಿಳಾಸದಲ್ಲಿ ಹೋಟೆಲಿಲ್ಲ ಎಂಬ ಸುಮತಕ್ಕನ ಪತ್ರವನ್ನು ಲಗತ್ತಿಸಿದೆ. ನನಗೆ ಹೇಗೆ ಗೊತ್ತು ಎಂಬುದನ್ನು ವಿವರದ ಜಾಗದಲ್ಲಿ ಬರೆದೆ: ಪರಿಶೀಲನೆಯ ವಿಡಿಯೋ ತೆಗೆದದ್ದು ನಾನು. ಕಳಿಸುವ ಮೊದಲೇ ಈರಣ್ಣ ಸರ್‌ಗೂ ವಾಸು ಮಾಮನಿಗೂ ಅದರ ಪ್ರತಿ ಕಳಿಸಿದ್ದೆ. ಬೆನ್ನ ಹಿಂದೆ ಮಾಡಿದಳು ಎನ್ನುವವರು ಆ ಮೇಲ್ ತೆರೆದು ನೋಡಲಿ.

ನಾಲ್ಕನೇ ದಿನ ಪಿನ್ ಹೋಯಿತು. ಜೊತೆಗೆ, ಒಂದೇ ಖಾತೆಯಲ್ಲಿದ್ದ ಕಾರಣಕ್ಕೆ, ಡೊಂಬಿವಲಿಯ ನಿಜವಾದ ಹೋಟೆಲೂ ಅಮಾನತಾಯಿತು. ನಾನು ಇದನ್ನು ಊಹಿಸಿರಲಿಲ್ಲ. ಊಹಿಸಬೇಕಿತ್ತು. ಹನ್ನೊಂದು ದಿನ ವಾಸು ಮಾಮನ ಹೋಟೆಲು ಮ್ಯಾಪಿನಲ್ಲಿ ಎಲ್ಲಿಯೂ ಇರಲಿಲ್ಲ. ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ನನ್ನ ಬಗ್ಗೆ ಬಂದ ಮಾತುಗಳನ್ನು ಅಪ್ಪ ಓದಿ ನನಗೆ ತೋರಿಸದೆ ಅಳಿಸಿದರು. ಒಂದನ್ನು ಮಾತ್ರ ಓದಿ ಹೇಳಿದರು: "ಮನೆಯವರದ್ದೇ ಅನ್ನಕ್ಕೆ ಕಲ್ಲು ಹಾಕಿದಳು." ಅಪ್ಪ ಕೇಳಿದರು, "ಹೌದಾ?" ನಾನೆಂದೆ, "ಯಾರ ಮನೆ ಅಂತ ಅವರನ್ನೇ ಕೇಳಿ."

ಪಿನ್ ಹೋದ ಪುರಾವೆಯನ್ನು ಮುದ್ರಿಸಿಕೊಂಡು ಕೋಪರಖೈರಣೆಗೆ ಹೋದೆ. ಸೆಕ್ರೆಟರಿಯ ಎದುರು ಕೂತು, ಇದು ಈ ಮನೆಯವರ ಕೆಲಸವಲ್ಲ, ನಮ್ಮ ಕೆಲಸ ಎಂದು ಬರೆದು ಸಹಿ ಹಾಕಿದೆ. ಅವರು ಎರಡು ಸಲ ಓದಿ, ಒಡೆಯರಿಗೆ ಫೋನು ಮಾಡಿದರು. ಸುಮತಕ್ಕ ಆ ಮನೆಯಲ್ಲೇ ಉಳಿದರು. ನಾನು ಹೊರಡುವಾಗ ಬಾಗಿಲವರೆಗೆ ಬಂದು ಹೇಳಿದರು, "ತೆಗೆದದ್ದು ಒಳ್ಳೆದಾಯ್ತು. ಹಾಕಿದ್ದೂ ನೀನೇ ಅಲ್ವಾ?" ನನ್ನ ಜೀವನದಲ್ಲಿ ನಾನು ಸೋತ ಚರ್ಚೆಗಳಲ್ಲಿ ಅದು ಅತಿ ಚಿಕ್ಕದು.

ಡೊಂಬಿವಲಿಯನ್ನು ಮರಳಿ ತರುವ ಕೆಲಸವನ್ನು ಕೇಳಿ ಪಡೆದೆ. ಈರಣ್ಣ ಸರ್, "ನೀನ ಕೆಡಿಸಿದ್ದು, ನೀನ ರಿಪೇರಿ ಮಾಡು" ಎಂದರು. ಅರ್ಧ ಸರಿಯಾದ ಮಾತು, ಹಾಗಾಗಿ ಎದುರಾಡಲಿಲ್ಲ. ಬೆಳಗಿನ ಗಿರಾಕಿಗಳ ನಡುವೆ, ದೋಸೆ ಕಾವಲಿ ಕಾದಿರುವಾಗಲೇ ಹೊಸ ವಿಡಿಯೋ ತೆಗೆದೆ. ಯಾರನ್ನೂ ಪಕ್ಕಕ್ಕೆ ನಿಲ್ಲಿ ಎನ್ನಬೇಕಾಗಲಿಲ್ಲ. ಊರಿಗೊಂದು ಇದ್ದ ಪುಟಗಳನ್ನೆಲ್ಲ ಕಿತ್ತುಹಾಕಿ ಒಂದೇ ಪುಟ ಬರೆದೆ: ಅಡುಗೆ ನಡೆಯುವುದು ಡೊಂಬಿವಲಿಯಲ್ಲಿ, ನವಿ ಮುಂಬಯಿಗೆ ಟೆಂಪೋದಲ್ಲಿ ಬರುತ್ತದೆ, ನೂರು ಜನಕ್ಕಿಂತ ಕಡಿಮೆಯಾದರೆ ಅಷ್ಟು ದೂರ ಬರುವುದಿಲ್ಲ, ಮಳೆಗಾಲದಲ್ಲಿ ಒಂದು ಗಂಟೆ ಮೊದಲೇ ಹೊರಡುತ್ತೇವೆ. ಕೇಟರಿಂಗ್ ಮಾಡಿಸಿದವರಿಗೆ ಫೋನು ಮಾಡಿ, ಅನಿಸಿದ್ದನ್ನು ಬರೆಯಿರಿ, ಚೆನ್ನಾಗಿರಲಿಲ್ಲ ಅನಿಸಿದ್ದರೆ ಅದನ್ನೂ ಬರೆಯಿರಿ ಎಂದೆ. ಒಬ್ಬರು ಪಾಯಸ ನೀರಾಗಿತ್ತು ಎಂದು ಬರೆದರು. ಅದನ್ನು ಅಳಿಸಲು ಯತ್ನಿಸದೆ ವಾಸು ಮಾಮನ ಹೆಸರಿನಲ್ಲಿ ಕ್ಷಮೆ ಕೇಳಿದೆ. ಮಾಮ ಒಂದು ವಾರ ಮಾತು ಬಿಟ್ಟರು.

ಪವಾಡವೇನೂ ನಡೆಯಲಿಲ್ಲ. ಮೊದಲು ಡೊಂಬಿವಲಿಯ ಹುಡುಕಾಟದಲ್ಲಿ ಎರಡನೆಯದಾಗಿದ್ದ ಹೋಟೆಲು ಐದಕ್ಕಿಳಿದಿತ್ತು. ಮರುವರ್ಷದ ಮಳೆಗಾಲ ಬರುವ ಹೊತ್ತಿಗೆ ಮೂರಕ್ಕೆ ಏರಿತು. ಕೋಪರಖೈರಣೆಯಲ್ಲಿ ಅದು ಇಂದಿಗೂ ಮೇಲೆ ಬರುವುದಿಲ್ಲ, ಬರಲೂಬಾರದು. ಆದರೆ ವಾಶಿಯಿಂದ, ಐರೋಲಿಯಿಂದ ಕೆಲವರು ಆ ಪುಟವನ್ನು ಓದಿಯೇ ಕರೆಯುತ್ತಾರೆ. ದೂರ ಎಷ್ಟೆಂದು ತಿಳಿದೇ ಕರೆಯುತ್ತಾರೆ. ಪ್ರಾಮಾಣಿಕ ಎಸ್‌ಇಒ ನಿಧಾನ, ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಈ ವೃತ್ತಿಯಲ್ಲಿ ನನ್ನ ಬಳಿ ವಾದಿಸುವವರಿಗೆ ಕೊರತೆಯಿಲ್ಲ. ನಿಧಾನ ಹೌದು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಪರದೆಯ ಮೇಲಿನ ಪ್ರತಿ ವಿಳಾಸಕ್ಕೂ ಒಂದು ಬಾಗಿಲಿರುತ್ತದೆ, ನಮ್ಮ ಮಾತು ನಂಬಿ ಯಾರೋ ಅದರ ಮುಂದೆ ಬಂದು ನಿಲ್ಲುತ್ತಾರೆ. ಅವರಿಗೆ ಉತ್ತರ ಕೊಡಬೇಕಾಗಿ ಬರುವುದು ವರದಿ ಬರೆದ ನಾವಲ್ಲ, ಬಾಗಿಲು ತೆರೆದವರು.

ಆ ಸಂಸ್ಥೆ ಬಿಟ್ಟು ಈಗ ಸ್ವಂತವಾಗಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ವಾಸು ಮಾಮನ ವೆಬ್‌ಸೈಟನ್ನು ತೆರೆದೆ. ಮುಖಪುಟದಲ್ಲಿ 'ನಮ್ಮ ಗ್ರಾಹಕರ ಮಾತು' ಎಂಬ ಹೊಸ ಭಾಗ. ಮನೆಯಲ್ಲೇ ಉಂಡ ಹಾಗಾಯಿತು, ತಾಯಿಯ ಹಾಗೆ ಬಡಿಸಿದರು, ಹೆಸರುಕಾಳಿನ ಪಲ್ಯವನ್ನು ಮರೆಯಲಾಗದು. ಪಿನ್ ಹೋಗುವ ಮೊದಲೇ ಯಾರೋ ಪ್ರತಿ ತೆಗೆದಿಟ್ಟುಕೊಂಡಿದ್ದ ಸುಮತಕ್ಕನ ಊಟದ ಆ ಹತ್ತೊಂಬತ್ತೂ ರಿವ್ಯೂ ಅಲ್ಲಿದ್ದವು. ಹಣ ತೆಗೆದುಕೊಳ್ಳಲಿಲ್ಲ ಎಂಬ ಮಾತನ್ನು ಮಾತ್ರ ಕತ್ತರಿಸಿದ್ದರು.

ಡೊಂಬಿವಲಿಗೆ ಹೋಗಿ, ಗಲ್ಲಾದ ಮುಂದೆ ಫೋನು ಇಟ್ಟು ಕೇಳಿದೆ. ವಾಸು ಮಾಮ ಕನ್ನಡಕ ಹಾಕಿ ಓದಿದರು, ಕನ್ನಡಕ ತೆಗೆದರು, ಅಡುಗೆಮನೆಯತ್ತ ಯಾರನ್ನೋ ಕೂಗಿ ಒಳಗೆ ಹೋದರು. ಆಮೇಲೆ ಮೆಸೇಜು ಮಾಡಿಯೂ ಕೇಳಿದ್ದೇನೆ, ಸಂಘದ ಕಾರ್ಯಕ್ರಮದಲ್ಲಿ ಎದುರಿಗೆ ಸಿಕ್ಕಾಗಲೂ ಕೇಳಿದ್ದೇನೆ. ಇಲ್ಲಿಯೂ ಕೇಳುತ್ತೇನೆ: ಮಾಮ, ಆ ದಿನಗಳಲ್ಲಿ ಸುಮತಕ್ಕ ಬಾಗಿಲು ಹಾಕಿಕೊಂಡಿದ್ದರೆ, ಅವರೆಲ್ಲ ನಿಮ್ಮ ಹೋಟೆಲಿನ ಹೆಸರಿನ ಕೆಳಗೆ ಏನು ಬರೆಯುತ್ತಿದ್ದರು?